ಇಪ್ಪತ್ತೇಳು ಆಡುಗಳ ಕಿವಿ ರಕ್ತ

ನೀರ್ಕೊಪ್ಪ, ಮಾಸ್ತಿಕಟ್ಟೆ ಹತ್ತಿರ
ಹೊಸನಗರ ತಾಲೂಕು
3 ಫೆಬ್ರವರಿ 2025

ಸಾಗರದ ಹೊಳೆಸಾಲು ಪಶುಪಾಲಕರ ಸಂಘದ ತಪಾಸಣಾ ಕೊಠಡಿಯ ಡಾಕ್ಟರ್ ಸಾಹೇಬರಿಗೆ ಯಮುನಮ್ಮ ಮಾಡುವ ನಮಸ್ಕಾರ.

ಈ ಕಾಗದದ ಜೊತೆ ರಟ್ಟಿನ ಡಬ್ಬಿಯಲ್ಲಿ ಆರು ಸ್ಲೈಡು ಇವೆ. ಆರು ಆಡುಗಳ ಕಿವಿಯ ರಕ್ತವನ್ನು ಗಾಜಿನ ಮೇಲೆ ಸವರಿದ್ದೇನೆ. ಹೇಗೆ ಸವರಬೇಕೆಂದು ಪಶು ಆಸ್ಪತ್ರೆಯ ಮಂಜುನಾಥಪ್ಪನವರು ಒಂದು ಸಲ ತೋರಿಸಿಕೊಟ್ಟಿದ್ದರು. ಅವರಿಗೆ ಮೂರು ಊರಿನ ಆಸ್ಪತ್ರೆ, ಒಂದೇ ಬೈಕು. ಅವರನ್ನು ಕಾಯುತ್ತ ಕೂರಲು ಆಗದೆ ನಾನೇ ಮಾಡಿದೆ. ಡಬ್ಬಿಯನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟಿದ್ದೇನೆ.

ನನ್ನ ಹತ್ತಿರ ಮೂವತ್ತೊಂದು ಆಡು ಇದ್ದವು. ಸಂಕ್ರಾಂತಿಯಿಂದ ಈಚೆಗೆ ನಾಲ್ಕು ಸತ್ತವು. ಮೊದಲು ಜ್ವರ ಬಂದು ಮೇವು ಬಿಡುತ್ತವೆ. ಹೆಗಲ ಮುಂದೆ ನಿಂಬೆಹಣ್ಣಿನಷ್ಟು ಗಂಟು ಏಳುತ್ತದೆ. ಕಣ್ಣಿನ ಒಳರೆಪ್ಪೆ ಬಿಳಿಚಿಕೊಳ್ಳುತ್ತದೆ. ಐದಾರು ದಿನಕ್ಕೆ ಮುಗಿಯುತ್ತದೆ. ಮೈಮೇಲೆ ಉಣುಗು ಇದ್ದವು. ಈ ಕಾಲದಲ್ಲಿ ಯಾವ ಪ್ರಾಣಿಯ ಮೇಲೆ ಉಣುಗು ಇಲ್ಲ?

ಅದೇ ಹೊತ್ತಿಗೆ ನಮ್ಮ ಮೇಲಿನ ಮನೆಯ ಚಂದ್ರಯ್ಯನವರಿಗೆ ಮಂಗನ ಕಾಯಿಲೆ ಬಂತು. ಹದಿನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದರು. ಕಾಯಿಲೆ ಬರುವುದು ಉಣುಗಿನಿಂದ, ಉಣುಗು ಇರುವುದು ಯಮುನಮ್ಮನ ಆಡಿನ ಮೇಲೆ, ಆ ಆಡುಗಳೂ ಸಾಯುತ್ತಿವೆ ಎಂದು ಊರಿನವರು ತೀರ್ಪು ಕೊಟ್ಟಾಗಿದೆ. ಮಾರ್ಚ್ ಹತ್ತೊಂಬತ್ತಕ್ಕೆ ಗ್ರಾಮಸಭೆ. ಅಂದು ನನ್ನ ಆಡುಗಳನ್ನು ಊರಿಂದ ಹೊರಗೆ ಹಾಕಿಸುವ ನಿರ್ಣಯ ಮಾಡುತ್ತಾರಂತೆ. ಪಂಚಾಯಿತಿ ಮೆಂಬರ್ ಭೂತಪ್ಪನವರು ರಸ್ತೆಯಲ್ಲಿ ಸಿಕ್ಕಿದಾಗ, “ಮಾರ್ಕೊಂಡ್‌ಬಿಡು ಯಮುನಾ, ಮರ್ಯಾದೇಲಿ ಹೋದ್ರೆ ಚೆನ್ನ” ಅಂದರು. ಆಡಿನ ಮರ್ಯಾದೆಯೋ ನನ್ನದೋ ಎಂದು ಕೇಳಿದೆ.

ನಮಗಿರುವುದು ಅರ್ಧ ಎಕರೆ ಗದ್ದೆ. ಮನೆ ನಡೆಯುವುದು ಆಡಿನಿಂದ. ಆದ್ದರಿಂದ, ‘ಈ ಆಡುಗಳಿಗೆ ಮಂಗನ ಕಾಯಿಲೆ ಇಲ್ಲ, ಇವುಗಳಿಂದ ಯಾರಿಗೂ ಬರುವುದೂ ಇಲ್ಲ’ ಎಂದು ಒಂದು ಸಾಲು ಬರೆದು ಸೀಲು ಹಾಕಿ ಕಳಿಸಿ. ನಮ್ಮಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಇದ್ದಿದ್ದರೂ ಫೋನಿನಲ್ಲಿ ಹೇಳಿದ್ದನ್ನು ಸಭೆಯಲ್ಲಿ ತೋರಿಸಲು ಬರುವುದಿಲ್ಲ. ಕಾಗದವೇ ಬೇಕು.

ಯಮುನಮ್ಮ


ಸಾಗರ
8 ಫೆಬ್ರವರಿ 2025

ಯಮುನಮ್ಮನವರಿಗೆ,

ನಾನು ಡಾಕ್ಟರ್ ಅಲ್ಲ. ಇಲ್ಲಿ ಸ್ಲೈಡು ನೋಡುವ ಕೆಲಸ ನನ್ನದು. ವರದಿಗೆ ಸಹಿ ಹಾಕುವ ಡಾಕ್ಟರ್ ವಾರಕ್ಕೆ ಎರಡು ದಿನ ಬರುತ್ತಾರೆ.

ನಿಮ್ಮ ಆರು ಸ್ಲೈಡುಗಳಲ್ಲಿ ಒಂದನ್ನೂ ಓದಲಾಗಲಿಲ್ಲ. ಬಣ್ಣದಲ್ಲಿ ಇಟ್ಟ ಕೂಡಲೇ ರಕ್ತದ ಪದರ ಗಾಜು ಬಿಟ್ಟು ಎದ್ದುಹೋಯಿತು. ಜಿಡ್ಡು ಇದ್ದರೆ ಹೀಗಾಗುತ್ತದೆ. ಇದರ ಜೊತೆ ಹೊಸ ಸ್ಲೈಡು, ಹತ್ತಿ, ಸ್ಪಿರಿಟ್ ಇಟ್ಟಿದ್ದೇನೆ. ಕಿವಿಯ ಅಂಚನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ ಚುಚ್ಚಿ. ಮೊದಲ ಹನಿಯನ್ನೇ ತೆಗೆದುಕೊಳ್ಳಿ. ಸವರಿದ ಸ್ಲೈಡು ಗಾಳಿಗೆ ಒಣಗಬೇಕು. ಒಂದರ ಮೇಲೊಂದು ಇಡಬೇಡಿ.

ನೀವು ಕೇಳಿದ ಸಾಲನ್ನು ಬರೆಯಲು ನನ್ನಿಂದ ಆಗುವುದಿಲ್ಲ. ಮಂಗನ ಕಾಯಿಲೆ ವೈರಸ್‌ನದು. ಅದು ನಮ್ಮ ಸೂಕ್ಷ್ಮದರ್ಶಕಕ್ಕೆ ಕಾಣುವುದಿಲ್ಲ. ಉಣುಗು ಕಚ್ಚಿ ಆಡಿನ ರಕ್ತಕಣದೊಳಗೆ ಸೇರುವ ಕೆಲವು ರೋಗಾಣುಗಳು ಕಾಣುತ್ತವೆ. ಕಂಡದ್ದನ್ನು ಬರೆಯುತ್ತೇನೆ, ಕಾಣದ್ದನ್ನು ಬರೆಯುವುದಿಲ್ಲ.

ಎರಡು ಪ್ರಶ್ನೆಗಳಿವೆ. ಆಡುಗಳ ಕಿವಿಗೆ ಏನಾದರೂ ಹಚ್ಚಿದ್ದೀರಾ? ಕಳೆದ ಆರು ತಿಂಗಳಲ್ಲಿ ಹೊರಗಿನಿಂದ ಆಡು ತಂದಿದ್ದೀರಾ?

ತೀರ್ಥೇಶ್


ನೀರ್ಕೊಪ್ಪ
14 ಫೆಬ್ರವರಿ 2025

ತೀರ್ಥೇಶ್ ಸಾರ್ ಅವರಿಗೆ,

ಒಂದು ಸಾಲು ಬರೆಯಲು ಇಷ್ಟು ಕಷ್ಟಪಡುವವರನ್ನು ನಾನು ನೋಡಿರಲಿಲ್ಲ. ಇರಲಿ. ನಿಮ್ಮ ಪ್ರಶ್ನೆಗಳಿಗೆ ಉತ್ತರ ಇಷ್ಟೇ: ಕಿವಿಗೆ ಏನೂ ಹಚ್ಚಿಲ್ಲ, ಹೊರಗಿನಿಂದ ಆಡು ತಂದಿಲ್ಲ.

ನೀವು ಹೇಳಿದಂತೆ ಒರೆಸಿ, ಒಣಗಿಸಿ ಮತ್ತೆ ಆರು ಸ್ಲೈಡು ಮಾಡಿದ್ದೇನೆ. ನಂಬರು ಹಾಕಿದರೆ ಯಾವುದು ಯಾರದೆಂದು ಮರೆತುಹೋಗುತ್ತದೆ. ಆದ್ದರಿಂದ ಹೆಸರೇ ಬರೆದು ಅಂಟಿಸಿದ್ದೇನೆ: ಕೆಂಪಿ, ಜೋಲುಕಿವಿ, ಬೂದಿ, ಕುಂಟಿ, ತೀರ್ಥಹಳ್ಳಿ, ಚುಕ್ಕೆ.

ನಿನ್ನೆ ಡೈರಿಗೆ ಹಾಲು ತರಲು ಹೋದಾಗ ಚಂದ್ರಯ್ಯನವರ ಹೆಂಡತಿ ದುಗ್ಗಮ್ಮಕ್ಕ ತಮ್ಮ ಕ್ಯಾನನ್ನು ನನ್ನ ತಂಬಿಗೆಯಿಂದ ಒಂದು ಮಾರು ದೂರ ಎಳೆದುಕೊಂಡರು. “ಆಚೆ ನಿಂತ್ಕ ಯಮುನಾ. ನಿನ್ ಸೀರೆ ನಿರಿಗೇಲಿ ಏನೇನ್ ಹರೀತಿದ್ಯೋ” ಅಂದರು. ನಾನು ಸೀರೆಯ ನಿರಿಗೆಯನ್ನು ಎಲ್ಲರ ಎದುರು ಕೊಡವಿ ತೋರಿಸಿದೆ. ಏನೂ ಬೀಳಲಿಲ್ಲ.

ನಮ್ಮನೆಯವರು ಜಯಪ್ಪ ಹೆಚ್ಚು ಮಾತಾಡುವವರಲ್ಲ. ಆಡು ಮಾರಿ ಎರಡು ಎಮ್ಮೆ ತರುವ ಎಂದು ನಾಲ್ಕನೇ ಸಲ ಹೇಳಿದ್ದಾರೆ. ಎಮ್ಮೆ ಮೇಲೆ ಉಣುಗು ಕೂರುವುದಿಲ್ಲವೇ ಎಂದು ನಾನೂ ನಾಲ್ಕನೇ ಸಲ ಕೇಳಿದ್ದೇನೆ.

ಯಮುನಮ್ಮ


ಸಾಗರ
20 ಫೆಬ್ರವರಿ 2025

ಯಮುನಮ್ಮನವರಿಗೆ,

ಆರರಲ್ಲಿ ನಾಲ್ಕು ಸ್ಲೈಡು ಮತ್ತೆ ತೊಳೆದುಹೋದವು. ಐದನೆಯದನ್ನು ಬಣ್ಣಕ್ಕೆ ಹಾಕುವ ಮೊದಲು ಮೂಸಿ ನೋಡಿದೆ. ಅದು ಕಾಡಿಗೆ ಹೋಗುವವರು ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಎಣ್ಣೆಯ ವಾಸನೆ. ಆ ವಾಸನೆ ನನಗೆ ಗೊತ್ತು. ನಮ್ಮ ಮನೆಗೆ ಆ ಬಾಟಲಿ ಬಂದದ್ದು ಎಂಟು ದಿನ ತಡವಾಗಿ.

ನೀವು ಅದನ್ನು ಆಡುಗಳ ಕಿವಿಗೆ ಹಚ್ಚುತ್ತಿದ್ದೀರಿ. ಒಮ್ಮೆ ಸ್ಪಿರಿಟ್‌ನಲ್ಲಿ ಒರೆಸಿದರೆ ಅದು ಹೋಗುವುದಿಲ್ಲ. ಇನ್ನೊಂದು ಪ್ರಶ್ನೆ ಪ್ರಯೋಗಾಲಯದ್ದಲ್ಲ, ಆದರೂ ಕೇಳುತ್ತೇನೆ. ಬಾಟಲಿ ಆಡಿಗೆ ಖರ್ಚಾಗುತ್ತಿದ್ದರೆ, ಅವುಗಳ ಹಿಂದೆ ಗುಡ್ಡಕ್ಕೆ ಹೋಗುವ ನೀವು ಏನು ಹಚ್ಚಿಕೊಳ್ಳುತ್ತಿದ್ದೀರಿ?

ಹೊರಗಿನಿಂದ ತಂದ ಪ್ರಾಣಿಯನ್ನು ಅದರ ಊರಿನ ಹೆಸರಿನಿಂದಲೇ ಕರೆಯುವುದು ನಮ್ಮ ಕಡೆಯೂ ಇದೆ. ನಮ್ಮ ಮನೆಯಲ್ಲಿ ರಿಪ್ಪನ್‌ಪೇಟೆ ಎಂಬ ಎಮ್ಮೆ ಇತ್ತು. ನಿಮ್ಮಲ್ಲಿ ತೀರ್ಥಹಳ್ಳಿ ಎಂಬ ಆಡು ಇದೆ. ಅದು ಯಾವಾಗ ಬಂತು?

ಓದಲು ಸಿಕ್ಕ ಎರಡರಲ್ಲಿ ಒಂದು ಅದರದೇ. ಕೆಂಪು ರಕ್ತಕಣಗಳ ಒಳಗೆ ಕೆಲವು ಕಡೆ ಚುಕ್ಕೆಯಂಥವು ಕಂಡಿವೆ. ಒಂದು ಸ್ಲೈಡಿನಿಂದ ತೀರ್ಮಾನಿಸಲು ಬರುವುದಿಲ್ಲ. ಇಪ್ಪತ್ತೇಳು ಆಡುಗಳದ್ದೂ ಬೇಕು, ಆರೋಗ್ಯವಾಗಿ ಕಾಣುವವುಗಳದ್ದೂ ಸೇರಿ. ಕಿವಿಯನ್ನು ಸೋಪು ಹಾಕಿ ತೊಳೆಯಿರಿ.

ಡಬ್ಬಿಯಲ್ಲಿ ಎರಡು ಬಾಟಲಿ ಎಣ್ಣೆ ಇದೆ. ಇದು ಮನುಷ್ಯರಿಗೆ.

ತೀರ್ಥೇಶ್


ನೀರ್ಕೊಪ್ಪ
26 ಫೆಬ್ರವರಿ 2025

ತೀರ್ಥೇಶ್ ಸಾರ್,

ಎರಡೂ ಸುಳ್ಳು ಹೇಳಿದ್ದೆ. ಹಿಡಿದುಬಿಟ್ಟಿರಿ.

ಎಣ್ಣೆಯ ವಿಷಯ ಹೀಗೆ. ಆಶಾ ಕಾರ್ಯಕರ್ತೆ ಮನೆಗೆ ಎರಡು ಬಾಟಲಿ ಕೊಡುತ್ತಾರೆ. ಒಂದು ನಮ್ಮನೆಯವರಿಗೆ. ನನ್ನ ಪಾಲಿನದನ್ನು ಆಡುಗಳ ಕಿವಿಗೂ ತೊಡೆಸಂದಿಗೂ ಹಚ್ಚಿದೆ, ಉಣುಗು ಕೂರುವುದು ಅಲ್ಲೇ ಹೆಚ್ಚೆಂದು. ನಾನು ಕಾಲಿಗೆ ಹಳೆ ಪಂಚೆ ಸುತ್ತಿಕೊಂಡು ಹೋಗುತ್ತೇನೆ. ಸರ್ಕಾರದ ಎಣ್ಣೆಯನ್ನು ಆಡಿಗೆ ಹಚ್ಚಿದಳು ಎಂದು ಭೂತಪ್ಪನವರಿಗೆ ಗೊತ್ತಾದರೆ ಸಭೆಯಲ್ಲಿ ಇನ್ನೊಂದು ನಿರ್ಣಯ ಮಾಡುತ್ತಾರೆ. ಅದಕ್ಕೇ ಬರೆಯಲಿಲ್ಲ. ಎಂಟು ದಿನ ತಡವಾಯಿತೆಂದು ನೀವು ಬೇಜಾರು ಮಾಡಿಕೊಂಡಿದ್ದೀರಿ. ನಮಗೆ ಒಂದು ತಿಂಗಳು ತಡವಾಗಿ ಬಂತು ಸಾರ್. ಸಾಗರದವರು ಅದೃಷ್ಟವಂತರು.

ತೀರ್ಥಹಳ್ಳಿ ನನ್ನ ಹೋತ. ಅಕ್ಟೋಬರಿನಲ್ಲಿ ತಂದದ್ದು. ನನ್ನೊಬ್ಬಳದಲ್ಲ, ಕೆಳಗಿನಕೇರಿಯ ಸರೋಜನಿಗೂ ಅದರಲ್ಲಿ ಪಾಲಿದೆ. ಹದಿನೈದು ದಿನ ನನ್ನ ದೊಡ್ಡಿಯಲ್ಲಿ, ಹದಿನೈದು ದಿನ ಅವಳ ದೊಡ್ಡಿಯಲ್ಲಿ ಇರುತ್ತದೆ. ಆರಿಸಿ ತಂದವಳು ನಾನು. ಬೇಡ, ಇಲ್ಲೇ ಸಿಗುವ ಹೋತ ಸಾಕು ಎಂದಿದ್ದವಳು ಅವಳು. ರೋಗ ಅದರಿಂದ ಬಂದಿದ್ದರೆ ನನ್ನ ನಾಲ್ಕು ಆಡು ಸತ್ತದ್ದು ನನ್ನಿಂದ. ನಾಳೆ ಸರೋಜನ ಆಡು ಸತ್ತರೆ ಅದೂ ನನ್ನಿಂದ. ಅವಳಿಗೆ ಇನ್ನೂ ಹೇಳಿಲ್ಲ. ನಿಮ್ಮ ವರದಿ ಬರಲಿ ಎಂದು ಕಾಯುತ್ತಿದ್ದೇನೆ. ಹೆದರಿಕೆಗೆ ಹಾಗೊಂದು ಹೆಸರು ಕೊಟ್ಟುಕೊಂಡಿದ್ದೇನೆ ಅಂತಲೂ ಅನ್ನಬಹುದು.

ಇಪ್ಪತ್ತೇಳು ಸ್ಲೈಡು ಕಳಿಸಿದ್ದೇನೆ. ಸೋಪು ಹಾಕಿ ಕಿವಿ ತೊಳೆದೆ. ಬಿಸಿಲಿಗೆ ಕಟ್ಟಿ ಒಣಗಿಸಿದೆ. ಕುಂಟಿ ಒದ್ದ ಏಟಿಗೆ ಮೊಣಕಾಲು ಊದಿಕೊಂಡಿದೆ. ಈ ಸಲವೂ ತೊಳೆದುಹೋದರೆ ತಪ್ಪು ನಿಮ್ಮ ಬಣ್ಣದ್ದು.

ಯಮುನಮ್ಮ


ನೀರ್ಕೊಪ್ಪ
11 ಮಾರ್ಚ್ 2025

ತೀರ್ಥೇಶ್ ಅವರಿಗೆ,

ಹದಿಮೂರು ದಿನವಾಯಿತು. ಸಭೆಗೆ ಎಂಟು ದಿನ ಉಳಿದಿದೆ. ಮೊನ್ನೆ ಕೆಂಪಿ ಸತ್ತಿತು, ಹೊಟ್ಟೆಯಲ್ಲಿ ಎರಡು ಮರಿ ಇದ್ದವು.

ಇವತ್ತು ಭೂತಪ್ಪನವರು ಬಸ್‌ಸ್ಟ್ಯಾಂಡಿನಲ್ಲಿ ನಗುತ್ತ, “ಸಾಗರದಿಂದ ಏನೂ ಬರಲ್ಲ, ಕಾಯ್ಬೇಡ” ಅಂದರು. ನಾನು ಸಾಗರಕ್ಕೆ ಸ್ಲೈಡು ಕಳಿಸಿದ್ದು ಅವರಿಗೆ ಹೇಗೆ ಗೊತ್ತು? ಕಂಡದ್ದನ್ನು ಬರೆಯುತ್ತೇನೆ ಎಂದು ದೊಡ್ಡದಾಗಿ ಬರೆದಿದ್ದಿರಿ. ನಿಮಗೂ ಏನೋ ಕಂಡಿದೆ, ಬರೆಯಲು ಧೈರ್ಯ ಬಂದಿಲ್ಲ ಎಂದು ತಿಳಿದುಕೊಳ್ಳುತ್ತೇನೆ.

ವರದಿ ಬರದಿದ್ದರೂ ನಾನು ಸಭೆಗೆ ಹೋಗುತ್ತೇನೆ. ಈ ಕಾಗದಕ್ಕೆ ಉತ್ತರ ಬೇಡ.

ಯಮುನಮ್ಮ


ಸಾಗರ
13 ಮಾರ್ಚ್ 2025

ಯಮುನಮ್ಮನವರಿಗೆ,

ವರದಿ ಇದರ ಜೊತೆ ಇದೆ. ಅದರ ಮೇಲಿನ ದಿನಾಂಕ ನೋಡಿ: ಮಾರ್ಚ್ ನಾಲ್ಕು. ಡಾಕ್ಟರ್ ಅಂದೇ ಸಹಿ ಹಾಕಿದರು. ಆಮೇಲೆ ಅದು ನಮ್ಮ ಸಂಘದ ಅಧ್ಯಕ್ಷರ ಮೇಜಿನ ಮೇಲೆ ಒಂಬತ್ತು ದಿನ ಇತ್ತು. ಹತ್ತೊಂಬತ್ತನೇ ತಾರೀಕು ಕಳೆದ ಮೇಲೆ ಕಳಿಸಿದರಾಯಿತು ಎಂದರು. ನಿಮ್ಮ ಕಡೆಯಿಂದ ಯಾರೋ ಅವರಿಗೆ ಫೋನ್ ಮಾಡಿದ್ದರು. ಇವತ್ತು ಅಧ್ಯಕ್ಷರು ಹೊಳೆಬಾಗಿಲಿಗೆ ಹೋಗಿದ್ದಾರೆ. ರವಾನೆ ಪುಸ್ತಕ ನನ್ನ ಹತ್ತಿರ ಇರುತ್ತದೆ. ನಂಬರು ಹಾಕಿ ಕಳಿಸುತ್ತಿದ್ದೇನೆ. ಸಹಿಯಾದ ವರದಿ ಪ್ರಾಣಿ ಸಾಕಿದವರಿಗೆ ಸೇರಿದ್ದು.

ಇಪ್ಪತ್ತೇಳೂ ಸ್ಲೈಡು ಚೆನ್ನಾಗಿದ್ದವು. ಒಂಬತ್ತರಲ್ಲಿ ಥೈಲೇರಿಯಾ ಎಂಬ ರೋಗಾಣು ಇದೆ. ಇದು ಒಂದು ಆಡಿನಿಂದ ಇನ್ನೊಂದಕ್ಕೆ ಉಣುಗಿನ ಮೂಲಕ ಹೋಗುತ್ತದೆ, ಮನುಷ್ಯರಿಗೆ ಬರುವುದಿಲ್ಲ. ಇದಕ್ಕೆ ಚುಚ್ಚುಮದ್ದು ಇದೆ. ವರದಿಯನ್ನು ಮಂಜುನಾಥಪ್ಪನವರಿಗೆ ತೋರಿಸಿ, ಡಾಕ್ಟರನ್ನು ಕರೆಸಿ. ಹೋತದಲ್ಲೂ ಇದೆ, ಕೆಲವೇ ಕಣಗಳಲ್ಲಿ. ಅದು ರೋಗ ಹೊತ್ತುಕೊಂಡು ಆರೋಗ್ಯವಾಗಿರುತ್ತದೆ. ಅದು ತಂದದ್ದೋ, ನಿಮ್ಮಲ್ಲಿಗೆ ಬಂದ ಮೇಲೆ ಅದಕ್ಕೆ ಹತ್ತಿದ್ದೋ, ಹೇಳಲು ಬರುವುದಿಲ್ಲ. ಸರೋಜ ಅವರಿಗೆ ತಿಳಿಸಲೇಬೇಕು.

ವರದಿಯ ಕೊನೆಯ ಸಾಲು ನಿಮಗೆ ಇಷ್ಟವಾಗುವುದಿಲ್ಲ. ಆಡುಗಳ ಮೈಮೇಲಿನ ಉಣುಗಿನಲ್ಲಿ ಮಂಗನ ಕಾಯಿಲೆಯ ವೈರಸ್ ಇದೆಯೋ ಇಲ್ಲವೋ ಈ ಪರೀಕ್ಷೆಯಿಂದ ತಿಳಿಯುವುದಿಲ್ಲ ಎಂದಿದೆ. ಬರೆದಿಟ್ಟವನು ನಾನೇ. ಅದನ್ನು ತಿಳಿಯಲು ಉಣುಗನ್ನೇ ಪರೀಕ್ಷೆ ಮಾಡಬೇಕು. ಆರೋಗ್ಯ ಇಲಾಖೆಯವರು ಮಾಡಿಸುತ್ತಾರೆ. ನಿಮ್ಮ ಆಡಿನದು ಮಾತ್ರವಲ್ಲ, ಊರಿನ ಎಲ್ಲ ದನ, ಎಮ್ಮೆಗಳದ್ದೂ ಆಗಬೇಕು. ಇಪ್ಪತ್ತು ಸಣ್ಣ ಶೀಷೆ, ಚಿಮಟ, ಕೈಗವಸು ಇಟ್ಟಿದ್ದೇನೆ. ಬರಿಗೈಯಲ್ಲಿ ಕೀಳಬೇಡಿ, ಬೆರಳಲ್ಲಿ ಹಿಸುಕಬೇಡಿ. ಪ್ರತಿ ಮನೆಗೂ ಬೇರೆ ಶೀಷೆ, ಮನೆಯ ಹೆಸರು ಮೇಲಿರಲಿ.

ತೀರ್ಥೇಶ್


ನೀರ್ಕೊಪ್ಪ
21 ಮಾರ್ಚ್ 2025

ತೀರ್ಥೇಶ್ ಸಾರ್,

ಮಂಗನ ಕಾಯಿಲೆಯಲ್ಲಿ ನಿಮ್ಮ ಅಕ್ಕ ಹೋದ ವಿಷಯ ಮಂಜುನಾಥಪ್ಪನವರು ಹೇಳಿದರು. ಎಣ್ಣೆ ಎಂಟು ದಿನ ತಡವಾದ ಮಾತಿಗೆ ನಾನು ತಮಾಷೆ ಮಾಡಿದ್ದೆ. ಹನ್ನೊಂದನೇ ತಾರೀಕಿನ ಕಾಗದವನ್ನೂ ಬರೆಯಬಾರದಿತ್ತು. ತಪ್ಪಾಯಿತು.

ಒಂಬತ್ತರಲ್ಲಿ ಕೆಂಪಿ ಹೋಗಿ ಉಳಿದ ಎಂಟಕ್ಕೂ ಚುಚ್ಚುಮದ್ದು ಆಗಿದೆ, ಮೇವು ಹಿಡಿದಿವೆ. ಇನ್ನು ಸಭೆಯ ವಿಷಯ.

ಹಿಂದಿನ ದಿನ ಸರೋಜನ ಮನೆಗೆ ಹೋಗಿ ಹೋತದ ವಿಷಯ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಕೇಳಿ ಮುಗಿದ ಮೇಲೂ ಆರಿಸುತ್ತಲೇ ಇದ್ದಳು. ನಾನು ಎದ್ದು ಬಂದೆ.

ಸಭೆಯಲ್ಲಿ ಅರವತ್ತು ಜನ ಇದ್ದರು. ವರದಿಯನ್ನು ಮೊದಲ ಅಕ್ಷರದಿಂದ ಓದಿದೆ. ಕೊನೆಯ ಸಾಲು ಬಿಟ್ಟುಬಿಡು ಎಂದು ನಮ್ಮನೆಯವರು ಬೆಳಿಗ್ಗೆಯೇ ಹೇಳಿದ್ದರು. ಬಿಡಲಿಲ್ಲ, ಅದನ್ನೇ ಎರಡು ಸಲ ಓದಿದೆ. ಭೂತಪ್ಪನವರಿಗೆ ಅಷ್ಟೇ ಸಾಕಾಯಿತು.

“ಹಂಗಾದ್ರೆ ಇರ್ಬೋದು ಅಂತಾನೇ ಆಯ್ತಲ್ಲ. ನೀನೇ ಓದ್ದಿ.”

“ಇರ್ಬೋದು. ನಿಮ್ ಎಮ್ಮೆ ಮೈಮೇಲೂ ಇರ್ಬೋದು. ನನ್ನ ಇಪ್ಪತ್ತೇಳು ಆಡಿನ ಹೆಸ್ರು ಈ ಕಾಗ್ದದಲ್ಲಿ ಐತೆ. ನಿಮ್ ಎಮ್ಮೇದು ಎಲ್ಲೈತೆ ತೋರ್ಸಿ.”

ಹಿಂದೆ ಯಾರೋ ನಕ್ಕರು. ಎಮ್ಮೆ ಆಧಾರ್ ಕಾರ್ಡು ಮಾಡಿಸಿಲ್ಲವಂತೆ ಎಂದು ಇನ್ನೊಬ್ಬರು ಅಂದರು. ನಾನು ನಗಲಿಲ್ಲ. ಶೀಷೆಗಳನ್ನು ಮೇಜಿನ ಮೇಲಿಟ್ಟು, ನನ್ನ ಆಡುಗಳದು ತುಂಬಿದೆ, ಉಳಿದ ಹತ್ತೊಂಬತ್ತು ಖಾಲಿ ಇವೆ, ಮನೆಮನೆಗೆ ಒಂದೊಂದು ತೆಗೆದುಕೊಂಡು ಹೋಗಿ ಎಂದೆ. ಯಾರೂ ಏಳಲಿಲ್ಲ. ಆಗ ಚಂದ್ರಯ್ಯನವರು ಕುಳಿತಲ್ಲಿಂದಲೇ ಮಾತಾಡಿದರು. ಇನ್ನೂ ಎದ್ದು ನಿಲ್ಲಲು ಆಗುವುದಿಲ್ಲ ಅವರಿಗೆ. ಜ್ವರ ಬರುವ ಹಿಂದಿನ ವಾರ ಕೊಟ್ಟಿಗೆಗೆ ಹಾಸಲು ಕಾಡಿನಲ್ಲಿ ದರಗೆಲೆ ಗುಡಿಸಿದ್ದೆ, ಎಲ್ಲಿ ಹತ್ತಿತೋ ನನಗೇ ಗೊತ್ತಿಲ್ಲ, ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದರು.

ಆದರೂ ನಿರ್ಣಯ ಆಯಿತು ಸಾರ್. ಹದಿನೈದು ದಿನದಲ್ಲಿ ಆಡುಗಳು ಊರು ಬಿಡಬೇಕು. ಪುಸ್ತಕವನ್ನು ನನ್ನ ಮುಂದೆ ಸಹಿಗೆ ಇಟ್ಟರು. ನಾನು, ‘ಒಪ್ಪಿಗೆ ಇಲ್ಲ. ಊರಿನ ಬೇರೆ ಯಾವ ಪ್ರಾಣಿಯನ್ನೂ ಪರೀಕ್ಷೆ ಮಾಡಿಲ್ಲ’ ಎಂದು ಬರೆದು ಅದರ ಕೆಳಗೆ ಸಹಿ ಹಾಕಿದೆ. ಪುಸ್ತಕ ಹಾಳು ಮಾಡಿದಳು ಎಂದರು. ಹಾಳಾಗಿದ್ದರೆ ಹೊಸದು ತನ್ನಿ, ಅದರಲ್ಲೂ ಇದನ್ನೇ ಬರೆಯುತ್ತೇನೆ ಎಂದೆ.

ಮರುದಿನ ಬೆಳಿಗ್ಗೆ ದುಗ್ಗಮ್ಮಕ್ಕ ಬಂದರು. ಒಳಗೆ ಬರಲಿಲ್ಲ. ಬೇಲಿಯ ಆಚೆಯಿಂದಲೇ ಕೈ ಚಾಚಿ, “ಒಂದ್ ಶೀಷೆ ಕೊಡು. ನಮ್ ದನದ್ದೂ ನೋಡ್ಲಿ. ನಿನ್ ಮೇಲೆ ನಂಗೆ ಸಿಟ್ಟು ಹೋಗಿಲ್ಲ, ತಿಳ್ಕ” ಅಂದರು. ಸಿಟ್ಟು ಇಟ್ಟುಕೊಳ್ಳಿ, ಕೈಗವಸು ಮಾತ್ರ ಹಾಕಿಕೊಳ್ಳಿ ಎಂದು ಕೊಟ್ಟೆ.

ಯಮುನಮ್ಮ


ಸಾಗರ
27 ಮಾರ್ಚ್ 2025

ಯಮುನಮ್ಮನವರಿಗೆ,

ಹನ್ನೊಂದು ಮನೆಗಳ ಶೀಷೆ ಬಂದಿವೆ. ಪರೀಕ್ಷೆಗೆ ಕಳಿಸಿದ್ದೇನೆ. ಮೂರು ವಾರ ಹಿಡಿಯುತ್ತದೆ. ಸರೋಜ ಅವರ ಆಡುಗಳ ಹದಿನಾಲ್ಕು ಸ್ಲೈಡು ಅದೇ ಬಸ್ಸಿನಲ್ಲಿ ಬೇರೆ ಡಬ್ಬಿಯಲ್ಲಿ ಬಂದವು. ಸವರಿದ ರೀತಿ ನಿಮ್ಮದೇ. ಅವರಿಗೆ ಹೇಳಿಕೊಟ್ಟವರು ಯಾರೆಂದು ಕೇಳುವುದಿಲ್ಲ.

ಉಣುಗಿನ ಫಲಿತಾಂಶ ನಿಮಗೆ ವಿರುದ್ಧವಾಗಿ ಬರಬಹುದು. ಬಂದರೆ ಹಾಗೆಯೇ ಬರೆಯುತ್ತೇನೆ.

ವರದಿಯನ್ನು ಅಪ್ಪಣೆ ಇಲ್ಲದೆ ಕಳಿಸಿದ್ದೇಕೆಂದು ಅಧ್ಯಕ್ಷರು ನನ್ನಿಂದ ವಿವರಣೆ ಕೇಳಿದ್ದಾರೆ. ಒಂದು ಸಾಲಿನ ಉತ್ತರ ಕೊಟ್ಟಿದ್ದೇನೆ: ಆಡುಗಳಿಗೆ ರೋಗ ಇತ್ತು, ತಡ ಮಾಡಿದರೆ ಸಾಯುತ್ತಿದ್ದವು. ಅವರು ಇನ್ನೂ ದೊಡ್ಡ ಉತ್ತರ ಬೇಕೆನ್ನುತ್ತಿದ್ದಾರೆ. ನನ್ನ ಹತ್ತಿರ ಇರುವುದು ಅಷ್ಟೇ.

ನೀವು ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರಾ? ಇದಕ್ಕೆ ಉತ್ತರ ಬೇಕು.

ತೀರ್ಥೇಶ್


ನೀರ್ಕೊಪ್ಪ
4 ಏಪ್ರಿಲ್ 2025

ತೀರ್ಥೇಶ್ ಸಾರ್,

ಹಚ್ಚಿಕೊಳ್ಳುತ್ತಿದ್ದೇನೆ. ವಾಸನೆಗೆ ಆಡುಗಳೇ ಹತ್ತಿರ ಬರುತ್ತಿಲ್ಲ.

ಸರೋಜ ನನ್ನ ಜೊತೆ ಇನ್ನೂ ಸರಿಯಾಗಿ ಮಾತಾಡುವುದಿಲ್ಲ. ಸ್ಲೈಡು ಮಾಡುವ ದಿನ, ಕಿವಿ ಹಿಡಿ, ಕಾಲು ಹಿಡಿ, ಇಷ್ಟೇ ಆಡಿದಳು. ಹದಿನಾಲ್ಕು ಆಡು ಮುಗಿಯುವವರೆಗೆ ಹಿಡಿದೆ.

ಫಲಿತಾಂಶ ವಿರುದ್ಧವಾಗಿ ಬಂದರೆ ಅದನ್ನೂ ಸಭೆಯಲ್ಲಿ ನಾನೇ ಓದುತ್ತೇನೆ. ಉಣುಗು ಇದ್ದರೆ ಉಣುಗಿಗೆ ಮದ್ದು ಹಾಕುತ್ತೇನೆ, ದೊಡ್ಡಿಗೆ ಸುಣ್ಣ ಬಳಿಯುತ್ತೇನೆ, ಗುಡ್ಡಕ್ಕೆ ಬಿಡದೆ ಸೊಪ್ಪು ತಂದು ಹಾಕುತ್ತೇನೆ. ಊರು ಬಿಡುವುದೊಂದು ಅದರಲ್ಲಿ ಸೇರಿಲ್ಲ.

ನಿನ್ನೆಗೆ ಹದಿನೈದು ದಿನ ಮುಗಿಯಿತು. ಇವತ್ತು ಬೆಳಿಗ್ಗೆ ಹತ್ತರ ಹೊತ್ತಿಗೆ ಭೂತಪ್ಪನವರು ಒಂದು ಪಿಕಪ್ ಗಾಡಿ ತೆಗೆದುಕೊಂಡು ಬಂದರು. ನಾನು ಗೇಟಿಗೆ ಅಡ್ಡ ನಿಂತೆ. ನಮ್ಮನೆಯವರು ಒಳಗಿನಿಂದ ಬಂದು ನನ್ನ ಪಕ್ಕ ನಿಂತರು. ದುಗ್ಗಮ್ಮಕ್ಕ ತಮ್ಮ ಅಂಗಳದಲ್ಲಿ ಬಟ್ಟೆ ಹರವುವುದನ್ನು ಬಿಟ್ಟು ನೋಡುತ್ತಿದ್ದರು.

“ನಿರ್ಣಯ ಆಗೈತೆ ಯಮುನಾ. ದಾರಿ ಬಿಡು.”

“ಹನ್ನೊಂದು ಮನೆ ಶೀಷೆ ಸಾಗರಕ್ಕೆ ಹೋಗೈತೆ. ನಿಮ್ ಮನೇದು ಹೋಗಿಲ್ಲ. ಗಾಡೀಲಿ ಜಾಗ ಇದ್ರೆ ಮೊದ್ಲು ನಿಮ್ ಎಮ್ಮೆ ಹತ್ತಿಸ್ಕೊಂಡ್ ಬನ್ನಿ. ಅದ್ರ ಹಿಂದೆ ನನ್ ಆಡು ಹತ್ತಿಸ್ತೀನಿ.”

ಡ್ರೈವರ್ ರಿಪ್ಪನ್‌ಪೇಟೆಯವನು. ಮಂಗನ ಕಾಯಿಲೆ ಆಡಾ ಎಂದು ಕೇಳಿ ಗಾಡಿಯಿಂದ ಇಳಿಯಲೇ ಇಲ್ಲ. ಭೂತಪ್ಪನವರು ಯಾರಿಗೋ ಫೋನ್ ಮಾಡಲು ನೋಡಿದರು. ನಮ್ಮಲ್ಲಿ ಸಿಗ್ನಲ್ ಇಲ್ಲವೆಂದು ನಿಮಗೆ ಗೊತ್ತಲ್ಲ. ಅರ್ಧ ಗಂಟೆ ನಿಂತರು. ಕೊನೆಗೆ ಗಾಡಿ ಹತ್ತಿ ಕುಳಿತರು.

ನಮ್ಮ ದಾರಿ ಕಿರಿದು, ಗಾಡಿ ತಿರುಗಿಸಲು ಜಾಗವಿಲ್ಲ. ಡ್ರೈವರ್ ಹಿಂದೆ ಮುಂದೆ ಮಾಡಿ ಸೋತು, ನಿಮ್ಮ ಅಂಗಳ ಬೇಕಲ್ಲಮ್ಮ ಎಂದ. ನಾನು ಗೇಟು ತೆಗೆದೆ. ಭೂತಪ್ಪನವರು ಮುಂದೆ ನೋಡುತ್ತ ಕುಳಿತಿದ್ದರು. ದೊಡ್ಡಿಯಲ್ಲಿ ಇಪ್ಪತ್ತಾರೂ ಆಡುಗಳು ಬೇಲಿಗೆ ಮುಖ ಒತ್ತಿ ಗಾಡಿಯನ್ನು ನೋಡಿದವು. ಗಾಡಿ ನಮ್ಮ ಅಂಗಳದಲ್ಲಿ ಒಂದು ಸುತ್ತು ತಿರುಗಿ ಖಾಲಿ ಹೋಯಿತು. ನಾನು ಗೇಟು ಹಾಕಿದೆ.

ಯಮುನಮ್ಮ